ಸುಳ್ಳು ಟ್ಯಾಂಕಿನ ಸೈಕಲ್

ಚೆನ್ನೈನ ಬೀಚ್ ನಿಲ್ದಾಣದಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲು ಪಲ್ಲಾವರಂ ಬಿಟ್ಟ ಮೇಲೆ ಕ್ರೋಂಪೇಟೆಯಲ್ಲಿ ನಿಲ್ಲುತ್ತದೆ. ಮೋಟಾರ್‌ಸೈಕಲ್ ಹುಚ್ಚಿನವರು ಈ ಹೆಸರು ಕೇಳಿದೊಡನೆ ಹೊಳೆಯುವ ಸೈಲೆನ್ಸರು, ಮುಖ ಕಾಣುವ ಮಡ್‌ಗಾರ್ಡು ನೆನೆದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಈ ಊರಿನ ಕ್ರೋಮಿಗೂ ಆ ಹೊಳಪಿಗೂ ಸಂಬಂಧವಿಲ್ಲ. ಇದು ತೊಗಲಿನ ಕ್ರೋಮು. ಹಸಿ ಚರ್ಮವನ್ನು ಕ್ರೋಮಿಯಂ ಲವಣದ ನೀರಿನಲ್ಲಿ ಅದ್ದಿದರೆ ಅದು ನೀಲಿ ಬಣ್ಣಕ್ಕೆ ತಿರುಗಿ, ಕೊಳೆಯದ, ಬಿಸಿಗೆ ಮುದುಡದ ತೊಗಲಾಗುತ್ತದೆ. ಆ ಕೆಲಸಕ್ಕೆಂದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಜಾರ್ಜ್ ಅಲೆಕ್ಸಾಂಡರ್ ಚೇಂಬರ್ಸ್ ಎಂಬವರು ಇಲ್ಲಿ ಕ್ರೋಮ್ ಲೆದರ್ ಕಂಪನಿ ಶುರುಮಾಡಿದರು. ಅದರ ಸುತ್ತ ಬೆಳೆದ ಪೇಟೆ ಕ್ರೋಂಪೇಟೆ. ಗ್ರೀಕಿನಲ್ಲಿ ಬಣ್ಣ ಎಂಬರ್ಥದ ಮಾತೊಂದು ಪ್ಯಾರಿಸಿನ ರಸಾಯನಶಾಸ್ತ್ರಜ್ಞನ ಕೈಯಲ್ಲಿ ಲೋಹದ ಹೆಸರಾಗಿ, ತಮಿಳಿನ ಪೇಟ್ಟೈ ಜೊತೆ ಸೇರಿ ರೈಲು ನಿಲ್ದಾಣದ ಫಲಕ ಏರಿದೆ. ಕನ್ನಡಿಗರಿಗೆ ಪೇಟೆ ಎಂದರೆ ಅಂಗಡಿ ಸಾಲು. ತಮಿಳಿನಲ್ಲಿ ಅದು ಕಸುಬಿನವರು ನೆಲೆನಿಂತ ಹೊರವಲಯವೂ ಹೌದು. ಕ್ರೋಂಪೇಟೆಗೆ ಒಪ್ಪುವುದು ಆ ಎರಡನೆಯ ಅರ್ಥ.

ಇಂಥ ಊರಿನ ಓಣಿಯೊಂದರಲ್ಲಿ, ಮನೆ ಮುಂದಿನ ಶೆಡ್ಡಿನಲ್ಲಿ, ಹಳೆಯ ಅಮೆರಿಕನ್ ಕ್ರೂಸರ್ ಸೈಕಲ್ಲಿನ ಮಾದರಿಯಲ್ಲಿ ಒಬ್ಬರು ಮೋಟಾರ್‌ಸೈಕಲ್ ಕಟ್ಟಲು ಕುಳಿತರೆ ಅದಕ್ಕೆ ಬೇಕಾದ್ದೆಲ್ಲ ಇಪ್ಪತ್ತು ಮೂವತ್ತು ಕಿಲೋಮೀಟರಿನ ಒಳಗೆ ಸಿಗುತ್ತದೆ. ಕೊಳವೆ, ಚೈನು, ಎಂಜಿನ್ನು, ಬೆಸುಗೆಯವರು, ತೊಗಲು, ಲೆಕ್ಕ ಹಾಕಿಕೊಡುವ ಎಂಜಿನಿಯರು, ಎಲ್ಲವೂ. ಸಿಗದೇ ಇರುವುದು ಒಂದೇ, ಕಟ್ಟಿ ಮುಗಿಸಿದ ಗಾಡಿಯನ್ನು ರಸ್ತೆಗೆ ಇಳಿಸುವ ಅನುಮತಿ. ಒಂದು ಕಾಲಕ್ಕೆ ಶೆಡ್ಡಿನಲ್ಲೇ ಹುಟ್ಟಿದ ಯಂತ್ರ ಶೆಡ್ಡಿನವರ ಕೈತಪ್ಪಿದ್ದು ಹೇಗೆ ಎಂಬುದು ಈ ಬರಹದ ವಿಷಯ.

ಮೊದಲು ಆ ಕ್ರೂಸರ್ ಸೈಕಲ್ಲಿನ ಮಾತು. ಬಾಗಿದ ಮೇಲಿನ ಕೊಳವೆ, ಎರಡು ಇಂಚಿಗೂ ಮಿಕ್ಕ ದಪ್ಪದ ಬಲೂನ್ ಟೈರು, ಎಮ್ಮೆಯ ಕೊಂಬಿನಂತೆ ಅಗಲವಾದ ಹ್ಯಾಂಡಲ್, ಸ್ಪ್ರಿಂಗಿನ ಮೇಲೆ ಕುಳಿತ ದೊಡ್ಡ ಸೀಟು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಇದರ ಮೂಲಪುರುಷ ಶಿಕಾಗೋದ ಇಗ್ನಾಜ್ ಶ್ವಿನ್. ಜರ್ಮನಿಯಿಂದ ವಲಸೆ ಬಂದು ಸೈಕಲ್ ಕಂಪನಿ ಕಟ್ಟಿದ ಈತ 1911ರಲ್ಲಿ ಎಕ್ಸೆಲ್ಸಿಯರ್ ಎಂಬ ಮೋಟಾರ್‌ಸೈಕಲ್ ಕಂಪನಿಯನ್ನೂ 1917ರಲ್ಲಿ ಹೆಂಡರ್ಸನ್ ಕಂಪನಿಯನ್ನೂ ಕೊಂಡ. ಹಾರ್ಲಿ, ಇಂಡಿಯನ್ ಕಂಪನಿಗಳ ಸರಿಸಮಕ್ಕೆ ನಿಂತ. ಆಮೇಲೆ ಮಹಾ ಆರ್ಥಿಕ ಕುಸಿತ ಬಂತು. 1931ರಲ್ಲಿ ಶ್ವಿನ್ ಮೋಟಾರ್‌ಸೈಕಲ್ ತಯಾರಿಯನ್ನು ಒಂದೇ ಏಟಿಗೆ ನಿಲ್ಲಿಸಿ ಸೈಕಲ್ಲಿಗೆ ಮರಳಿದ. 1933ರಲ್ಲಿ ಬಲೂನ್ ಟೈರಿನ ಸೈಕಲ್ ಬಂತು, ಮರುವರ್ಷ ಏರೋಸೈಕಲ್. ಈ ಏರೋಸೈಕಲ್ಲಿನ ಎರಡು ಕೊಳವೆಗಳ ನಡುವೆ ಪೆಟ್ರೋಲ್ ಟ್ಯಾಂಕಿನಂತೆ ಕಾಣುವ ತಗಡಿನ ಡಬ್ಬವೊಂದಿತ್ತು. ಒಳಗೆ ಪೆಟ್ರೋಲ್ ಇರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಮೋಟಾರ್‌ಸೈಕಲ್ ಕೊಳ್ಳಲಾಗದ ಮನೆಗಳ ಹುಡುಗರಿಗೆ ಮೋಟಾರ್‌ಸೈಕಲ್ಲಿನ ವೇಷ ತೊಟ್ಟ ಸೈಕಲ್ ಅದು.

ಆ ವೇಷವಾದರೂ ಯಾರದು? ಮೂವತ್ತು ವರ್ಷ ಹಿಂದಕ್ಕೆ ಹೋದರೆ ಮೋಟಾರ್‌ಸೈಕಲ್ಲೇ ಸೈಕಲ್ಲಿನ ವೇಷದಲ್ಲಿತ್ತು. ಪ್ಯಾರಿಸಿನ ವೆರ್ನರ್ ಸಹೋದರರು 1897ರಲ್ಲಿ ಸೈಕಲ್ಲಿನ ಮುಂಚಕ್ರದ ಮೇಲೆ ಎಂಜಿನ್ ಕೂರಿಸಿದರು. ಭಾರವೆಲ್ಲ ಮೇಲೆ, ತಿರುವಿನಲ್ಲಿ ಗಾಡಿ ಜಾರುತ್ತಿತ್ತು. 1901ರಲ್ಲಿ ಅವರೇ ಎಂಜಿನ್ನನ್ನು ಕೆಳಗಿಳಿಸಿ, ಪೆಡಲಿನ ತಿರುಗಣೆ ಇರುವ ಜಾಗಕ್ಕೆ ತಂದರು. ಇಂದಿಗೂ ಎಂಜಿನ್ ಇರುವುದು ಅಲ್ಲೇ. ಅದೇ 1901ರಲ್ಲಿ ಇಂಗ್ಲೆಂಡಿನ ರೆಡಿಚ್ ಊರಿನಲ್ಲಿ ಎನ್‌ಫೀಲ್ಡ್ ಕಂಪನಿ ತನ್ನ ಮೊದಲ ಮೋಟಾರ್‌ಸೈಕಲ್ ಹೊರತಂದಿತು. ರೆಡಿಚ್ ಎಂದರೆ ಹೊಲಿಗೆ ಸೂಜಿಯ ಊರು. ಎನ್‌ಫೀಲ್ಡಿನ ಪೂರ್ವಿಕ ಕಂಪನಿ ಮಾಡುತ್ತಿದ್ದುದೂ ಸೂಜಿಯನ್ನೇ, ಆಮೇಲೆ ಸೈಕಲ್ಲು. ಮೊದಲ ಎನ್‌ಫೀಲ್ಡ್ ಗಾಡಿಯಲ್ಲಿ ಒಂದೂವರೆ ಅಶ್ವಶಕ್ತಿಯ ಮಿನರ್ವಾ ಎಂಜಿನ್ ಹ್ಯಾಂಡಲಿನ ಮುಂದೆ ನೇತಾಡುತ್ತಿತ್ತು, ಅದರ ಬಲ ಹಿಂಚಕ್ರಕ್ಕೆ ಹೋಗುತ್ತಿದ್ದುದು ಹದ ಮಾಡದ ತೊಗಲಿನ ಉದ್ದನೆಯ ಪಟ್ಟಿಯೊಂದರ ಮೂಲಕ. ಇಂದು ಬುಲೆಟ್ಟನ್ನು ಬರೀ ಕಬ್ಬಿಣದ ಗಾಡಿ ಎಂದುಕೊಳ್ಳುವವರು ಆ ವಂಶದ ಮೊದಲ ಗಾಡಿ ತೊಗಲಿನ ಮೇಲೆ ಓಡಿತ್ತು ಎಂಬುದನ್ನು ಗಮನಿಸಬಹುದು.

ಹೀಗೆ ರೂಪ ಅತ್ತಿಂದಿತ್ತ ಕೈ ಬದಲಿಸುತ್ತ ಬಂದಿದೆ. ಸೈಕಲ್ಲಿನಿಂದ ಮೋಟಾರ್‌ಸೈಕಲ್ ಹುಟ್ಟಿತು. ಮೋಟಾರ್‌ಸೈಕಲ್ಲನ್ನು ನೋಡಿ ಕ್ರೂಸರ್ ಸೈಕಲ್ ಸುಳ್ಳು ಟ್ಯಾಂಕು ತೊಟ್ಟಿತು. ಈಗ ಆ ಕ್ರೂಸರನ್ನು ನೋಡಿ ಮತ್ತೆ ಮೋಟಾರ್‌ಸೈಕಲ್ ಕಟ್ಟುವವರು ಲೋಕದ ಎಲ್ಲ ಕಡೆ ಇದ್ದಾರೆ. ಕನ್ನಡದ 'ಮೋಟಾರ್ ಸೈಕಲ್ಲು' ಎಂಬ ಜೋಡುಪದ ಈ ವಂಶಾವಳಿಯನ್ನು ಹಾಗೇ ಇಟ್ಟುಕೊಂಡಿದೆ. ಉತ್ತರ ಕರ್ನಾಟಕದ 'ಫಟಫಟಿ' ಸದ್ದನ್ನಷ್ಟೇ ಹಿಡಿಯಿತು, 'ಬೈಕ್' ಎಂಬ ಇಂದಿನ ಮಾತು ಎರಡರ ಭೇದವನ್ನೂ ಅಳಿಸಿತು.

ಮತ್ತೆ ಮದ್ರಾಸಿಗೆ. ಅಲ್ಲಿ ಕ್ರೋಮ್ ತೊಗಲಿನ ಕತೆ ಶುರುವಾದದ್ದು ಚೇಂಬರ್ಸ್ ಅವರಿಂದಲ್ಲ, ಆಲ್‌ಫ್ರೆಡ್ ಚಾಟರ್ಟನ್ ಎಂಬ ಎಂಜಿನಿಯರಿನಿಂದ. ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅಲ್ಯೂಮಿನಿಯಂ ಪಾತ್ರೆ ಮಾಡಿಸಿ ಗೆದ್ದಿದ್ದ ಈತ 1903ರ ಹೊತ್ತಿಗೆ ಕ್ರೋಮ್ ಹದದ ಪ್ರಯೋಗಕ್ಕೆ ಕೈಹಾಕಿದ. ಅದುವರೆಗೆ ನಮ್ಮಲ್ಲಿ ತೊಗಲು ಹದ ಮಾಡುತ್ತಿದ್ದುದು ತಂಗಡಿ ತೊಗಟೆಯ ರಸದಲ್ಲಿ, ವಾರಗಟ್ಟಲೆ ನೆನೆಹಾಕಿ. ಕ್ರೋಮಿನಲ್ಲಿ ಅದು ಕೆಲವೇ ದಿನಗಳ ಕೆಲಸ. ಚಾಟರ್ಟನ್ ಈ ತೊಗಲಿಗೆ ಗಿರಾಕಿಯಾಗಿ ಮೊದಲು ನೋಡಿದ್ದು ಸಾಹೇಬರ ಬೂಟನ್ನಲ್ಲ, ರೈತರ ಕಪಿಲೆಯನ್ನು. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲ ಚೀಲ ಸದಾ ನೆಂದು ಬೇಗ ಹಾಳಾಗುತ್ತಿತ್ತು, ನೀರಿಗೆ ಜಗ್ಗದ ಕ್ರೋಮ್ ತೊಗಲು ಅಲ್ಲಿ ಚೆನ್ನಾಗಿ ಬಾಳಿತು. ಆದರೆ ಸರ್ಕಾರವೇ ಕಾರ್ಖಾನೆ ನಡೆಸುವುದು ಸರಿಯಲ್ಲ ಎಂದು ಯುರೋಪಿಯನ್ ವರ್ತಕರು ತಕರಾರು ತೆಗೆದರು. 1910ರಲ್ಲಿ ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದ ಮಾರ್ಲಿಯೂ ಅದಕ್ಕೆ ದನಿಗೂಡಿಸಿದ, ಸರ್ಕಾರಿ ತೊಗಲು ಕಾರ್ಖಾನೆ ಮಾರಾಟವಾಯಿತು. ಖಾಸಗಿಯವರು ಮುಂದಾದದ್ದು ಆಮೇಲೆ. ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿ ಬಂದ. ಮದ್ರಾಸಿನಲ್ಲಿ ಸರ್ಕಾರಕ್ಕೆ ಬೇಡವಾದ ಮನುಷ್ಯ ವಿಶ್ವೇಶ್ವರಯ್ಯನವರ ಮೈಸೂರಿಗೆ ಬೇಕಾದ. ಶ್ರೀಗಂಧದ ಎಣ್ಣೆ ತೆಗೆಯುವ ಉದ್ಯಮ ನಮ್ಮಲ್ಲಿ ನೆಲೆಯೂರಿದ್ದರಲ್ಲಿ ಅವನ ಪಾಲಿದೆ.

ಕ್ರೋಂಪೇಟೆಗೆ ಎರಡನೆಯ ಜೀವ ಬಂದದ್ದು 1949ರಲ್ಲಿ. ಸಿ. ರಾಜಂ ಎಂಬ ಉದ್ಯಮಿ ತಮ್ಮ ಮನೆಯನ್ನೇ ಮಾರಿ ಇಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿ, ತೆರೆದರು. ಬೇರೆ ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎನ್ನುತ್ತಿದ್ದ ಕಾಲದಲ್ಲಿ ಇಲ್ಲಿನ ವಿಷಯಗಳು ವಿಮಾನ, ಆಟೊಮೊಬೈಲ್, ಎಲೆಕ್ಟ್ರಾನಿಕ್ಸ್, ಇನ್‌ಸ್ಟ್ರುಮೆಂಟ್. ಅಬ್ದುಲ್ ಕಲಾಂ ಐವತ್ತರ ದಶಕದಲ್ಲಿ ಇಲ್ಲಿ ವಿಮಾನದ ವಿದ್ಯೆ ಕಲಿತು, ಆಮೇಲೆ ತರಬೇತಿಗೆ ಬೆಂಗಳೂರಿನ ಎಚ್‌ಎಎಲ್‌ಗೆ ಹೋದರು. ಕಾಲೇಜಿನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ್ದ ಎರಡು ಹಳೆಯ ವಿಮಾನಗಳ ಬಳಿ ತಾವು ಹೊತ್ತುಗಟ್ಟಲೆ ಕುಳಿತಿರುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಬಿಚ್ಚಿಕೊಂಡು ನಿಂತಿರುವಾಗ ತಲೆಗೆ ಹೋಗುವ ರೀತಿಯೇ ಬೇರೆ. ತಮಿಳುನಾಡಿನಲ್ಲೇ ಇದಕ್ಕೂ ಹಿಂದಿನ ಉದಾಹರಣೆ ಕೊಯಮತ್ತೂರಿನ ಜಿ. ಡಿ. ನಾಯ್ಡು. ಬ್ರಿಟಿಷ್ ಅಧಿಕಾರಿಯೊಬ್ಬನ ರಡ್ಜ್ ಮೋಟಾರ್‌ಸೈಕಲ್ ನೋಡಿ ಮರುಳಾಗಿ, ಹೋಟೆಲಿನಲ್ಲಿ ಮಾಣಿಯಾಗಿ ದುಡಿದು, ಕೂಡಿಟ್ಟ ಹಣಕ್ಕೆ ಅದನ್ನೇ ಕೊಂಡು, ಮನೆಗೆ ತಂದು ಮಾಡಿದ ಮೊದಲ ಕೆಲಸ ಅದನ್ನು ಪೂರ್ತಿ ಬಿಚ್ಚಿದ್ದು. ಬಿಚ್ಚಿ ಮತ್ತೆ ಜೋಡಿಸಿದ ಆ ಹುಡುಗ ಮುಂದೆ ಬಸ್ ಕಂಪನಿ ಕಟ್ಟಿದ, ಮೋಟಾರು ಮಾಡಿದ. ಶಾಲೆ ಅವನಿಗೆ ಒಗ್ಗಿರಲಿಲ್ಲ.

ಸೈಕಲ್ಲಿಗೆ ಬೇಕಾದ ಉಕ್ಕು ನಗರದ ಇನ್ನೊಂದು ಮಗ್ಗುಲಲ್ಲಿ ತಯಾರಾಗುತ್ತಿತ್ತು. ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜೊತೆ ಸೇರಿ 1949ರಲ್ಲಿ ಟಿಐ ಸೈಕಲ್ಸ್ ಸ್ಥಾಪಿಸಿದರು. ಅಂಬತ್ತೂರಿನ ಕಾರ್ಖಾನೆಯಿಂದ ಹರ್ಕ್ಯುಲಿಸ್ ಸೈಕಲ್ಲುಗಳು 1951ರಿಂದ ಹೊರಬಂದವು. 1955ರಲ್ಲಿ ಆವಡಿಯಲ್ಲಿ ಕೊಳವೆ ಕಾರ್ಖಾನೆ, ಆಮೇಲೆ ಚೈನಿನ ಕಾರ್ಖಾನೆ. ಉತ್ತರದ ತಿರುವೊಟ್ಟಿಯೂರಿನಲ್ಲಿ ಎನ್‌ಫೀಲ್ಡ್. ಸೈನ್ಯಕ್ಕೆ ಬುಲೆಟ್ ಬೇಕಾಗಿ, ಮದ್ರಾಸ್ ಮೋಟಾರ್ಸ್ ರೆಡಿಚ್ ಕಂಪನಿಯೊಂದಿಗೆ 1955ರಲ್ಲಿ ಕೈಜೋಡಿಸಿತು. 1956ರಲ್ಲಿ ಇಂಗ್ಲೆಂಡಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಆ ವರ್ಷ ಹೊರತಂದದ್ದು 163 ಗಾಡಿ. ಶೆಡ್ಡಿನ ಕೆಲಸಕ್ಕಿಂತ ತುಸು ದೊಡ್ಡದು, ಅಷ್ಟೇ. ರೆಡಿಚ್‌ನ ತಾಯಿ ಕಂಪನಿ 1970ರ ಹೊತ್ತಿಗೆ ಮುಚ್ಚಿಹೋಯಿತು, ಮದ್ರಾಸಿನ ಮಗು ಉಳಿಯಿತು. 1977ರಲ್ಲಿ ಇಲ್ಲಿನ ಬುಲೆಟ್ಟು ಇಂಗ್ಲೆಂಡಿಗೇ ರಫ್ತಾಯಿತು.

ಮನೆಯಲ್ಲಿ ಗಾಡಿ ಕಟ್ಟುವವರ ದೃಷ್ಟಿಯಿಂದ ಹಳೆಯ ಬುಲೆಟ್ಟಿಗೆ ಒಂದು ದೊಡ್ಡ ಗುಣವಿತ್ತು. 2009ರ ಆಸುಪಾಸಿನಲ್ಲಿ ಹೊಸ ಎಂಜಿನ್ ಬರುವ ತನಕ ಅದರ ಎಂಜಿನ್ನೂ ಗೇರುಪೆಟ್ಟಿಗೆಯೂ ಬೇರೆ ಬೇರೆ. ಎರಡನ್ನೂ ಒಂದರಿಂದೊಂದು ಬೇರ್ಪಡಿಸಿ ಬಿಚ್ಚಬಹುದು. ಎಂಜಿನ್ನೂ ಗೇರೂ ಒಂದೇ ಎರಕದಲ್ಲಿರುವ ಇಂದಿನ ಗಾಡಿಗಳಲ್ಲಿ ಆ ಸಲಿಗೆ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಬಿಚ್ಚಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಅದು ಒಂದೇ ಮೊಟ್ಟೆಯಂಥ ಎಂಜಿನ್. ಚೆಲುವಾದದ್ದು, ಆದರೆ ಹೇಳಿದ ಕಡೆ ಕೂರುವುದಿಲ್ಲ.

ಕ್ರೂಸರ್ ಮಾದರಿಯ ಗಾಡಿ ಕಟ್ಟುವುದೆಂದರೆ ಮೊದಲು ಚೌಕಟ್ಟು. ನಮ್ಮ ಹಳೆಯ ಸೈಕಲ್ಲಿನ ಚೌಕಟ್ಟಿನಲ್ಲಿ ಕೊಳವೆಯ ತುದಿಗಳು 'ಲಗ್' ಎಂಬ ಕಿವಿಗಳೊಳಗೆ ಕೂತಿರುತ್ತವೆ, ಸಂದಿಗೆ ಹಿತ್ತಾಳೆ ಕರಗಿಸಿ ಹರಿಸಿರುತ್ತಾರೆ. ಇಪ್ಪತ್ತು ಕಿಲೋ ಸೈಕಲ್ಲಿಗೆ, ಹಿಂದೆ ಹಾಲಿನ ಕ್ಯಾನೋ ಹೆಂಡತಿಯೋ ಕೂತರೂ, ಆ ಬೆಸುಗೆ ಐವತ್ತು ವರ್ಷ ಬಾಳುತ್ತದೆ. ಒಂಟಿ ಸಿಲಿಂಡರಿನ ಎಂಜಿನ್ನಿನ ನಡುಕವನ್ನು ಅದು ತಾಳುವುದಿಲ್ಲ. ಬಿರುಕು ಶುರುವಾಗುವುದು ಕಣ್ಣಿಗೆ ಕಾಣದಂತೆ, ಕಿವಿಯ ಅಂಚಿನಲ್ಲಿ, ಬಣ್ಣದ ಅಡಿಯಲ್ಲಿ. ಆದ್ದರಿಂದ ರೂಪ ಸೈಕಲ್ಲಿನದ್ದಾದರೂ ಕೊಳವೆ ಮೋಟಾರ್‌ಸೈಕಲ್ಲಿನದೇ ಆಗಬೇಕು. ದಪ್ಪ ಗೋಡೆಯದು, ಒಳಗೆ ಮರಳು ತುಂಬಿ ಬಗ್ಗಿಸಿದ್ದು. ಮರಳು ತುಂಬದೆ ಬಗ್ಗಿಸಿದರೆ ಬಾಗಿನಲ್ಲಿ ಕೊಳವೆ ಚಪ್ಪಟೆಯಾಗುತ್ತದೆ, ಅಲ್ಲೇ ಮುರಿಯುತ್ತದೆ. ಬೆಸುಗೆ ಹಾಕುವಾಗ ಬಿಸಿಗೆ ಇಡೀ ಚೌಕಟ್ಟು ಒಂದು ಕಡೆಗೆ ಎಳೆಯುತ್ತದೆ. ಕಾರ್ಖಾನೆಯಲ್ಲಿ ಅದನ್ನು ಹಿಡಿದಿಡಲು ಜಿಗ್ ಇರುತ್ತದೆ, ಮನೆಯಲ್ಲಿ ನೆಲದ ಮೇಲೆ ಕಬ್ಬಿಣದ ತೊಲೆಯೊಂದನ್ನು ಸಮಮಟ್ಟಕ್ಕೆ ಕೂರಿಸಿ ಅದಕ್ಕೇ ಬಿಗಿಯಬೇಕು. ಬಿಗಿಯದೆ ಮಾಡಿದ ಗಾಡಿ ಕೈಬಿಟ್ಟರೆ ಪಕ್ಕಕ್ಕೆ ಓಡುತ್ತದೆ.

ಮುಂದಿನದು ಮುಂಭಾಗದ ಓರೆ. ಕ್ರೂಸರಿನ ಚೆಂದವೆಲ್ಲ ಮುಂದಿನ ಫೋರ್ಕು ಮೈಚಾಚಿ ನಿಂತಿರುವುದರಲ್ಲಿದೆ. ಹ್ಯಾಂಡಲಿನ ಕೊಳವೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಬಿಂದುವಿಗಿಂತ ಮುಂದೆ ಬೀಳುತ್ತದೆ, ಈ ಅಂತರವೇ ಗಾಡಿಯನ್ನು ನೇರ ಓಡಿಸುವುದು. ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ, ತೀರ ಹೆಚ್ಚಾದರೆ ಓಣಿಯಲ್ಲಿ ತಿರುಗುವುದಿಲ್ಲ. ಚಿತ್ರ ನೋಡಿ ಕಟ್ಟುವವರು ಎಡವುವುದು ಇಲ್ಲೇ. ಹಿಂದೆ ಸ್ಪ್ರಿಂಗ್ ಇಲ್ಲದ ಬಿಗಿ ಚೌಕಟ್ಟಾದರೆ ಸೀಟಿನ ಸ್ಪ್ರಿಂಗೇ ಬೆನ್ನಿಗೆ ಗತಿ. ಮಳೆಗಾಲದ ನಂತರದ ಚೆನ್ನೈ ರಸ್ತೆಯಲ್ಲಿ ಅದು ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ.

ಎಂಜಿನ್ನಿನ ಹಲ್ಲುಚಕ್ರವೂ ಹಿಂಚಕ್ರದ ಹಲ್ಲುಚಕ್ರವೂ ಒಂದೇ ಗೆರೆಯಲ್ಲಿ ಇರಬೇಕು, ಇಲ್ಲದಿದ್ದರೆ ಚೈನು ಹಲ್ಲನ್ನು ಪಕ್ಕದಿಂದ ತಿನ್ನುತ್ತದೆ. ಬಲೂನ್ ಟೈರು ದಪ್ಪನೆಯದಾದ್ದರಿಂದ ಚೈನಿಗೆ ಜಾಗವೇ ಉಳಿಯದು. ಟೈರು ಸಣ್ಣದು ಮಾಡಿದರೆ ಕ್ರೂಸರಿನ ರೂಪ ಹೋಯಿತು. ಟೈರು ಉಳಿಸಿಕೊಂಡರೆ ಚೈನನ್ನು ಹೊರಕ್ಕೆ ತಳ್ಳಬೇಕು, ಆಗ ಎಂಜಿನ್ನೂ ಗಾಡಿಯ ನಡುಗೆರೆಯಿಂದ ಜರುಗುತ್ತದೆ. ಇಂಥ ಪೇಚಾಟದಲ್ಲೇ ತಿಂಗಳುಗಳು ಹೋಗುತ್ತವೆ. ಬೇಕಾದ ಸಾಮಾನು ಹುಡುಕಿ ಕೂವಂ ನದಿಯ ಬಳಿಯ ಪುದುಪೇಟೆಗೆ ಹೋಗುವುದು, ಗುಜರಿ ರಾಶಿಯಲ್ಲಿ ಒಂದು ಹಬ್ಬನ್ನೋ ಒಂದು ಆಕ್ಸಲನ್ನೋ ಆರಿಸಿ ತರುವುದು, ಅದು ಅಳತೆಗೆ ಎರಡು ಮಿಲಿಮೀಟರ್ ಕೂಡದೆ ಲೇತಿನವರ ಬಳಿ ಓಡುವುದು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಕಂಡವರಿಗೆ ಪುದುಪೇಟೆ ಅಪರಿಚಿತವೆನಿಸದು.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು, ಕಾನೂನಿಗೆ ನಿಜವಾದ ಕಾರಣ ಸಿಗುವುದೂ ಇಲ್ಲೇ. ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವ ಗಾಡಿ 60ರಲ್ಲಿ ಹೋದರೆ ನಿಲ್ಲಿಸಬೇಕಾದ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಹಳೆಯ ಸೈಕಲ್ಲಿನ ಕಡ್ಡಿ ಬ್ರೇಕಿನ ರಬ್ಬರು ಹಿಡಿಯುವುದು ಕ್ರೋಮ್ ಲೇಪದ ಉಕ್ಕಿನ ರಿಮ್ಮನ್ನು, ಮಳೆ ಬಿದ್ದರೆ ಆ ಹೊಳಪಿನ ಮೇಲೆ ರಬ್ಬರು ಜಾರುತ್ತದೆ. ಸೈಕಲ್ ತುಳಿದವರೆಲ್ಲ ಇದನ್ನು ಕಾಲು ನೆಲಕ್ಕೆ ಒತ್ತಿ ಕಲಿತಿದ್ದಾರೆ. ಅಮೆರಿಕದಲ್ಲಿ 1910ರಿಂದ ಮರದ ಹಲಗೆ ಹಾಸಿದ ಬಟ್ಟಲಿನಂಥ ಟ್ರ್ಯಾಕುಗಳಲ್ಲಿ ಮೋಟಾರ್‌ಸೈಕಲ್ ಪಂದ್ಯ ನಡೆಯುತ್ತಿತ್ತು. ಆ ಟ್ರ್ಯಾಕುಗಳನ್ನು ಕಟ್ಟಿದ ಜ್ಯಾಕ್ ಪ್ರಿನ್ಸ್ ಕೂಡ ಮೂಲತಃ ಸೈಕಲ್ ಪಂದ್ಯದವನೇ. ಸೈಕಲ್ಲಿನಂತೆ ತೆಳ್ಳಗಿದ್ದ ಆ ಗಾಡಿಗಳಿಗೆ ಬ್ರೇಕೇ ಇರುತ್ತಿರಲಿಲ್ಲ. ಇಂದು ಮನೆಯಲ್ಲಿ ಗಾಡಿ ಕಟ್ಟುವವರು ಹೆಚ್ಚಾಗಿ ಮೆಚ್ಚುವ ಮಾದರಿಗಳಲ್ಲಿ ಅದೂ ಒಂದು. 1912ರ ಸೆಪ್ಟೆಂಬರ್ 8ರಂದು ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ಎಡ್ಡಿ ಹಾಶಾ ಎಂಬ ಸವಾರನ ಗಾಡಿ ಅಂಚಿಗೆ ಬಡಿಯಿತು. ಅವನೊಂದಿಗೆ ಇನ್ನೊಬ್ಬ ಸವಾರನೂ, ಬೇಲಿಗೆ ಒರಗಿ ನೋಡುತ್ತಿದ್ದ ಹಲವರೂ ಸತ್ತರು. ಚಿತ್ರದಲ್ಲಿ ಮೋಹಕವಾಗಿ ಕಾಣುವ ರೂಪಕ್ಕೆ ಈ ಲೆಕ್ಕವೂ ಸೇರಿದೆ. ಮದ್ರಾಸಿನ ಉತ್ತರಕ್ಕೆ ಶೋಳಾವರಂನಲ್ಲಿ, ಮಹಾಯುದ್ಧ ಕಾಲದ ವಿಮಾನ ಪಟ್ಟಿಯ ಮೇಲೆ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ಪಂದ್ಯ ನಡೆಸಿತು. ಕೈಯಾರೆ ತಿದ್ದಿದ ಗಾಡಿಗಳನ್ನು ತಂದು ಓಡಿಸಲು ಅಲ್ಲೊಂದು ಜಾಗವಿತ್ತು, ಸಾರ್ವಜನಿಕ ರಸ್ತೆಯ ಹೊರಗೆ.

ರಸ್ತೆಯ ಕಾನೂನು ನಿಧಾನವಾಗಿ ಬಿಗಿಯಾಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೊದಲಿಗೆ ಒಂದು ದಾರಿ ಇಟ್ಟಿತ್ತು. ಗಾಡಿಯಲ್ಲಿ ಬದಲಾವಣೆ ಮಾಡುವವರು ನೋಂದಣಿ ಅಧಿಕಾರಿಗೆ ತಿಳಿಸಿ, ಒಪ್ಪಿಗೆ ಪಡೆದು ಮಾಡಬಹುದಿತ್ತು. 2000ದ ತಿದ್ದುಪಡಿ ಆ ವಾಕ್ಯವನ್ನೇ ತಿರುಗಿಸಿತು. ತಯಾರಕರು ಮೊದಲು ಹೇಳಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸಕೂಡದು ಎಂದಿತು. ಅನಿಲ ಕಿಟ್ಟು, ಅದೇ ಬಗೆಯ ಎಂಜಿನ್ನಿನ ಬದಲಾವಣೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕೇರಳ ಹೈಕೋರ್ಟ್ ರಾಜ್ಯದ ನಿಯಮಗಳ ಬಲದಿಂದ ಬದಲಾವಣೆಗೆ ಸ್ವಲ್ಪ ಅವಕಾಶ ಉಳಿಸಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ವಿನೀತ್ ಸರಣ್ ಅದನ್ನು ತಳ್ಳಿಹಾಕಿದರು. ಅದೇ ವರ್ಷದ ತಿದ್ದುಪಡಿ ಕಾಯ್ದೆಯಲ್ಲಿ, ಅನುಮತಿಯಿಲ್ಲದ ಭಾಗ ಜೋಡಿಸಿ ಗಾಡಿ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿತು. ಮುಂಬೈಯ ವರ್ದೆಂಚಿ, ಜೈಪುರದ ರಾಜಪುತಾನಾ ಕಸ್ಟಮ್ಸ್‌ನಂಥ ಅಂಗಡಿಗಳು ಕೈಕಟ್ಟಡದ ಗಾಡಿಗೆ ಹೆಸರು ತಂದುಕೊಟ್ಟಿದ್ದ ಹೊತ್ತಿನಲ್ಲೇ ಇದೆಲ್ಲ ನಡೆದದ್ದು.

ಹೊಸದಾಗಿಯೇ ಕಟ್ಟಿದೆ, ಬದಲಿಸಿದ್ದಲ್ಲ ಎನ್ನುವವರಿಗೆ ಕೇಂದ್ರ ಮೋಟಾರು ವಾಹನ ನಿಯಮದ 126ನೇ ನಿಯಮ ಎದುರಾಗುತ್ತದೆ. ತಯಾರಕರು ಪ್ರತಿ ಮಾದರಿಯ ಗಾಡಿಯನ್ನು ಪುಣೆಯ ಎಆರ್‌ಎಐಯಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. ಸಾವಿರಾರು ಗಾಡಿ ಮಾಡುವ ಕಂಪನಿಗೆ ಇದು ಒಂದು ಖರ್ಚು. ಬದುಕಿನಲ್ಲಿ ಒಂದೇ ಗಾಡಿ ಕಟ್ಟುವವರಿಗೆ ಇದು ಗೋಡೆ. ಬ್ರಿಟನ್ನಿನಲ್ಲಿ ಇದೇ ಸಮಸ್ಯೆಗೆ ಬೇರೆ ಉಪಾಯ ಮಾಡಿದ್ದಾರೆ. ಮನೆಯಲ್ಲಿ ಕಟ್ಟಿದ ಒಂದೇ ಗಾಡಿಯನ್ನು ಪರೀಕ್ಷಾ ಕೇಂದ್ರಕ್ಕೆ ಒಯ್ದರೆ ಬ್ರೇಕು, ದೀಪ, ಸದ್ದು, ಹೊಗೆ, ಚೂಪು ಅಂಚುಗಳನ್ನೆಲ್ಲ ನೋಡಿ ಪ್ರಮಾಣಪತ್ರ ಕೊಡುವ ಪದ್ಧತಿ ಅಲ್ಲಿದೆ. ಕೆಟ್ಟ ಗಾಡಿ ಅಲ್ಲಿಯೂ ರಸ್ತೆಗೆ ಬರುವುದಿಲ್ಲ. ಆದರೆ ಅಲ್ಲಿ ನೋಡುವುದು ಗಾಡಿಯನ್ನು, ಇಲ್ಲಿ ನೋಡುವುದು ಕಟ್ಟಿದವರು ಕಂಪನಿಯೇ ಅಲ್ಲವೇ ಎಂಬುದನ್ನು. ಸುರಕ್ಷತೆಯ ಹೆಸರಿನಲ್ಲಿ ನಾವು ಮಾಡಿದ್ದು ಪರೀಕ್ಷೆಯನ್ನು ಬಿಗಿ ಮಾಡುವುದಲ್ಲ, ಪರೀಕ್ಷೆಗೆ ಕೂರುವ ಹಕ್ಕನ್ನೇ ತೆಗೆದದ್ದು. 1901ರ ರೆಡಿಚ್ ಈ ನಿಯಮದಡಿ ಮೊದಲ ಗಾಡಿಯನ್ನೇ ಹೊರತರಲಾಗುತ್ತಿರಲಿಲ್ಲ. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಸೈನ್ಯ ಬಿಟ್ಟುಹೋದ ಪುಟ್ಟ ಎಂಜಿನ್ನುಗಳನ್ನು 1946ರಲ್ಲಿ ಸೈಕಲ್ಲಿಗೆ ಕಟ್ಟಿ, ಬಿಸಿನೀರಿನ ಬಾಟಲನ್ನು ಪೆಟ್ರೋಲ್ ಟ್ಯಾಂಕು ಮಾಡಿಕೊಂಡ ಸೊಯಿಚಿರೊ ಹೊಂಡಾನೂ.

ನಿಯಮ ಬೇಡವೆನ್ನುವುದೂ ಕ್ರೋಂಪೇಟೆಯ ಸುತ್ತಿನವರಿಗೆ ಸುಲಭವಲ್ಲ. ಪಲ್ಲಾವರಂ ಸುತ್ತಲಿನ ತೊಗಲಿನ ಕೆಲಸ ನೆಲದ ನೀರಿಗೆ ಏನು ಮಾಡಿತು ಎಂದು ಅಲ್ಲಿನ ಬಾವಿಗಳು ಬಲ್ಲವು. ತಮಿಳುನಾಡಿನ ತೊಗಲು ಹದದ ಕಾರ್ಖಾನೆಗಳ ಮೇಲೆ 1996ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಕೆಡಿಸಿದವರೇ ತೆರಬೇಕು ಎಂಬ ತತ್ವ ದೇಶದ ಕಾನೂನಿನ ಭಾಗವೆಂದು ಸಾರಿತು. ಮನೆಯಲ್ಲಿ ಗಾಡಿ ಕಟ್ಟುವವರು ಮನೆಯಲ್ಲಿ ಮಾಡಲೇಬಾರದ ಕೆಲಸವೊಂದಿದ್ದರೆ ಅದು ಹೊಳಪಿನ ಕ್ರೋಮ್ ಲೇಪ. ಆ ತೊಟ್ಟಿಯ ಕ್ರೋಮು ತೊಗಲಿನ ಕ್ರೋಮಿಗಿಂತ ಎಷ್ಟೋ ವಿಷಕಾರಿ. ಹಳೆಯ ಸೈಕಲ್ಲಿನ ರೂಪಕ್ಕೆ ಕಪ್ಪು ಬಣ್ಣವೂ ಚೆನ್ನಾಗೇ ಒಪ್ಪುತ್ತದೆ.

ಕಾಯ್ದೆ ಒಂದು ಕಿಂಡಿ ಬಿಟ್ಟಿದೆ. ಮೋಟಾರು ವಾಹನ ಎಂದರೆ ಏನು ಎಂಬ ವ್ಯಾಖ್ಯೆಯಲ್ಲೇ ಅದಿದೆ. ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಈ ಅಳತೆಯ ಗಾಡಿ ಮದ್ರಾಸಿಗೆ ಹೊಸದಲ್ಲ. ಬುಲೆಟ್ ಮಾಡಿದ ಎನ್‌ಫೀಲ್ಡೇ ಎಂಬತ್ತರ ದಶಕದಲ್ಲಿ ಮೋಫಾ ಎಂಬ, ಪೆಡಲಿರುವ, ಅಷ್ಟೇ ಪುಟ್ಟ ಎಂಜಿನ್ನಿನ ಗಾಡಿ ಮಾಡಿತ್ತು. ಅದಕ್ಕೂ ಮೊದಲು ತಿರುಪತಿಯಲ್ಲಿ ಸುವೇಗ, ಆಮೇಲೆ 1980ರಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಮಾತಾಡುವ ಹೊಸೂರಿನಿಂದ ಟಿವಿಎಸ್ 50. ಇಬ್ಬರು ಕೂರಬಹುದಾದ ಆ ಮೊಪೆಡ್ಡಿನ ಮೇಲೆ ನಮ್ಮ ಊರುಗಳ ಬಾಳೆಗೊನೆ, ಹುಲ್ಲಿನ ಹೊರೆ, ಸಿಲಿಂಡರು, ಮೂರು ಮಕ್ಕಳು ಎಲ್ಲ ಹೋಗಿವೆ. ಅಮೆರಿಕನ್ ಕ್ರೂಸರ್ ನಮ್ಮ ರಸ್ತೆಗೆ ಬರಲಿಲ್ಲ. ಸೈಕಲ್ಲಿಗೂ ಮೋಟಾರ್‌ಸೈಕಲ್ಲಿಗೂ ನಡುವೆ ನಮಗಿದ್ದದ್ದು ಪೆಡಲಿನ ಮೊಪೆಡ್ಡು. ನಾವು ಅದನ್ನು ಬಡವರ ಗಾಡಿ ಎಂದು ನಕ್ಕೆವು, ವಿಂಟೇಜ್ ಎಂದು ಕರೆಯುವ ಯೋಗ ಅದಕ್ಕೆ ಇನ್ನೂ ಬಂದಿಲ್ಲ.

ಇನ್ನೊಂದು ಕಿಂಡಿ ಬ್ಯಾಟರಿಯದು. 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ದಾಟದ ವಿದ್ಯುತ್ ಗಾಡಿಯೂ ನಿಗದಿತ ಷರತ್ತುಗಳಿಗೆ ಒಳಪಟ್ಟು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಕಟ್ಟುವವರು ಈಗ ಹಿಂಚಕ್ರದ ಹಬ್ಬಿನೊಳಗೇ ಮೋಟಾರು ಇಟ್ಟುಬಿಡುತ್ತಾರೆ. ಚೈನಿನ ಗೆರೆಯ ತಲೆನೋವಿಲ್ಲ, ನಡುಕವಿಲ್ಲ, ಬೇಕಿದ್ದರೆ ಬಲೂನ್ ಟೈರು. ಇಷ್ಟು ಮಾಡಿದ ಮೇಲೆ ಬ್ಯಾಟರಿ ಎಲ್ಲಿಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಕೆಳಗಿಟ್ಟರೆ ಮಳೆ ನೀರು, ಹಿಂದೆ ಕ್ಯಾರಿಯರಿನ ಮೇಲಿಟ್ಟರೆ ಭಾರ ಒಂದೇ ಕಡೆ. ಕೊನೆಗೆ ಹೆಚ್ಚಿನವರು ಮೇಲಿನ ಎರಡು ಕೊಳವೆಗಳ ನಡುವೆ ತಗಡು ಬಡಿದು ಟ್ಯಾಂಕಿನಂಥ ಡಬ್ಬವೊಂದನ್ನು ಮಾಡಿ, ಅದರೊಳಗೆ ಇಟ್ಟು ಮುಚ್ಚುತ್ತಾರೆ.